ಎರಡು ಮೀಟರಿನ ಮನೆ

ಜೆಪ್ಪುವಿನ ಇಳಿಜಾರಿನಲ್ಲಿ ಈ ಮನೆಗೆ
ಹಿಂದೆ ನೆಲ ಉಂಟು, ಮುಂದೆ ಇಲ್ಲ.
ಮುಂದಿನ ಕೋಣೆಗಳು ಮುರಕಲ್ಲ ಕಾಲುಗಳ ಮೇಲೆ
ಹೆಬ್ಬಲಸಿನ ಹಲಗೆ ಹಾಸಿ ನಿಂತದ್ದು,
ಅಡಿಗೆ ಒಂದೂವರೆ ಅಡಿ ಕತ್ತಲೆ.

"ನೀನು ಸಪೂರ ಇದ್ದಿ ರುಕ್ಮಯ, ನೀನೇ ಹೋಗು"
ಎಂದರು ಇದಿನಬ್ಬ ಮೇಸ್ತ್ರಿ.
ಫ್ಯೂಸು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡರು.
ಹಾಗೆ ನನ್ನ ಜೀವ
ಅವರ ಬೀಡಿ ಕಟ್ಟಿನ ಪಕ್ಕ.

ಕೋಳಿಗೂಡಿನ ಬದಿಯಿಂದ ತಲೆ ತೂರಿಸಿದೆ.
ಹೊಟ್ಟೆಯ ಮೇಲೆ ತೆವಳುವುದು
ಒಮ್ಮೆ ಕಲಿತು ಮರೆತ ವಿದ್ಯೆ.
ಬಾಯಲ್ಲಿ ಟಾರ್ಚು, ಸೊಂಟಕ್ಕೆ ಪೈಪು,
ಮೂಗಿಗೆ ಅರುವತ್ತು ವರ್ಷದ ಧೂಳು.
ರೈಲು ಬರುವುದು ಇಲ್ಲಿ
ಕಿವಿಗಿಂತ ಮೊದಲು ಎದೆಗೂಡಿಗೆ ಗೊತ್ತಾಗುತ್ತದೆ.

ತೊಲೆಯ ಪಕ್ಕ ಬೀಟಿ ಪಟ್ಟಿ, ಅದರೊಳಗೆ
ಬಟ್ಟೆ ಸುತ್ತಿದ ಹಳೆಯ ವಯರು.
ಮುಟ್ಟಿದರೆ ಉದ್ದಿನ ಹಪ್ಪಳ.
ಇಷ್ಟು ವರ್ಷ ಇವರು ಸುಟ್ಟುಹೋಗದ್ದು
ಯಾರ ಹರಕೆಯೋ.

ಅಂಗಾತ ಮಲಗಿದೆ, ಕ್ಲಿಪ್ಪು ಹೊಡೆಯಲು.
ಹಲಗೆ ಹಲಗೆಯ ನಡುವೆ ಬೆಳಕಿನ ಗೆರೆ,
ಇನ್ನೂ ಬರೆಯದ ಕಾಪಿ ಪುಸ್ತಕ.
ಗೆರೆ ಅಳಿಸುತ್ತ ಕಾಲುಗಳು ಹೋಗುತ್ತವೆ.
ಎಳೆದು ನಡೆಯುವುದು ಸಿಪ್ರಿಯನ್ ಪೊರ್ಬುಗಳು,
ಹಿಮ್ಮಡಿ ಕುಟ್ಟುವುದು ತಮ್ಮ ವಲೇರಿಯನ್.
ನಡುವೆ ಮೊನ್ನೆ ಎಬ್ಬಿಸಿದ ಪ್ಲೈವುಡ್ ಗೋಡೆ,
ಅಂಟಿನ ವಾಸನೆ ಕೆಳಗಿನವರೆಗೂ.
ಅಣ್ಣನಿಗೊಂದು ಮೀಟರು, ತಮ್ಮನಿಗೊಂದು.
ಫ್ರಿಜ್ಜಿನ ಬಿಲ್ಲಿನಿಂದ ಶುರುವಾದದ್ದಂತೆ.
ಎಲ್ಲಿಂದಲೋ ಶುರುವಾಗಲೇಬೇಕಲ್ಲ.

"ಎಡದ್ದು ಅಣ್ಣಂದು, ಬಲದ್ದು ತಮ್ಮಂದು,
ಅಡ್ಡಾದಿಡ್ಡಿ ಮಾಡಬೇಡ ಮಾರಾಯ!"
ಮೇಸ್ತ್ರಿ ತೂತಿಗೆ ಬಾಯಿ ಇಟ್ಟು ಕೂಗುತ್ತಾರೆ.
ಮಗುಚಿ ಮಲಗಿದವನಿಗೆ
ಎಡ ಎಂತದು, ಬಲ ಎಂತದು?
ಗೋಡೆ ಹಲಗೆಯವರೆಗೆ ಬಂದು ನಿಂತಿದೆ.
ಇಲ್ಲಿ ಒಂದೇ ತೊಲೆ, ಆ ಬದಿಯ ಮಂಚ
ಈ ಬದಿಯ ಕಪಾಟು, ಎರಡನ್ನೂ ಹೊತ್ತು
ನಡುವಿನಲ್ಲಿ ಸ್ವಲ್ಪ ಬಾಗಿದೆ.
ಗೆದ್ದಲು ಯಾರ ಸಹಿಯೂ ಇಲ್ಲದೆ
ಅತ್ತಣಿಂದ ಇತ್ತ ಮಣ್ಣಿನ ಲೈನು ಎಳೆದಿದೆ,
ನನ್ನದಕ್ಕಿಂತ ನೇರ.

ಸಂದಿಯಿಂದ ಉದುರಿದ್ದೆಲ್ಲ ಇಲ್ಲೇ ಉಂಟು:
ಹತ್ತು ಪೈಸೆ, ಹುಣಸೆ ಬೀಜ,
ತೇರ್ಸದ ಒಂದು ಮಣಿ,
ಮತ್ತೆ ಬೆಂಡೋಲೆಯ ತಿರುಪು, ಚಿನ್ನದ್ದೇ ಇರಬೇಕು.
ಇದಕ್ಕಾಗಿ ಎಂದೋ ಒಬ್ಬಳು ಇನ್ನೊಬ್ಬಳನ್ನು
ಕಣ್ಣಲ್ಲೇ ಕೇಳಿರಬಹುದು.
ಸಂದಿಯಿಂದ ಮೇಲಕ್ಕೆ ತಳ್ಳಿದೆ.
ಗೋಡೆಯ ಯಾವ ಬದಿ ಎಂದು ನೋಡಲಿಲ್ಲ.

ಗೆರೆಯ ಮೇಲೆ ಒಂದು ಕಣ್ಣು ಬಂತು.
ಹುಬ್ಬು ಸರಿಯಾಗಿ ಮೂಡದ, ಐದು ವರ್ಷದ ಕಣ್ಣು.
"ಯಾರು ಅಡಿಯಲ್ಲಿ?"
"ಕರೆಂಟು" ಎಂದೆ.
ಕಣ್ಣು ಓಡಿತು, ಓಡಿದ ಸದ್ದು
ಎರಡೂ ಬದಿಯಲ್ಲಿ ಕೇಳಿತು.

ಸಂಜೆ ಹಿತ್ತಿಲಲ್ಲಿ ಅರ್ಥಿಂಗಿನ ಹೊಂಡ.
ಹಾರೆ ಹಾಕಿದಲ್ಲೆಲ್ಲ ಪಾರೆ, ಕಿಡಿ.
"ಎರಡು ಹೊಂಡ ಆಗುವುದಿಲ್ಲ ಪೊರ್ಬುಗಳೇ,
ಮೀಟರು ಎಷ್ಟು ಬೇಕಾದರೂ ಇಡಿ,
ಅರ್ಥಿಂಗ್ ಇಬ್ಬರಿಗೂ ಇದೇ."
ತಾಮ್ರದ ತಗಡು ಇಳಿಸಿದೆವು,
ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು,
ಉಪ್ಪಿನಕಾಯಿ ಹಾಕಿದ ಹಾಗೆ.
"ಏಪ್ರಿಲ್ ತಿಂಗಳಲ್ಲಿ ದಿನಕ್ಕೊಂದು ಕೊಡ ನೀರು ಹೊಯ್ಯಬೇಕು.
ಒಣಗಿದರೆ ಶಾಕು
ಹೆಸರು ಕೇಳಿ ಹೊಡೆಯುವುದಿಲ್ಲ.
ಯಾರು ಹೊಯ್ಯುವುದು?"

ಅಣ್ಣ ಹೊಂಡ ನೋಡಿದರು.
ತಮ್ಮನೂ.
ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸರ ಕೈ
ಒಂದು ಗಳಿಗೆ ನಿಂತು, ಮತ್ತೆ ತಿಕ್ಕಿತು.
ನಾನು ಮೀಸೆಯ ಜೇಡರಬಲೆ ತೆಗೆಯುತ್ತಿದ್ದೆ.

ಮೇಸ್ತ್ರಿ ಕಿಸೆಗೆ ಕೈ ಹಾಕಿದರು.
ಬೆಳಿಗ್ಗೆ ಕಿತ್ತದ್ದು ಒಂದೇ ಫ್ಯೂಸು,
ಈಗ ಬೇಕಾದದ್ದು ಎರಡು.
"ಓಡು, ಮಾರ್ಗನ್ಸ್‌ಗೇಟಿನಲ್ಲಿ ಅಂಗಡಿ ಮುಚ್ಚುವ ಮೊದಲು."
ಯಾರಿಗೆ ಮೊದಲು ಹಾಕುವುದೆಂದು
ಅವರಿಗೂ ಹೆದರಿಕೆ ಇರಬೇಕು.
ಒಂದನ್ನು ಕೈಯಲ್ಲೇ ಹಿಡಿದು ಕಾದರು.
ನಾನು ಗುಡ್ಡ ಹತ್ತುವಾಗ ತಿರುಗಿ ನೋಡಿದೆ:
ಇಡೀ ಮನೆ ಕತ್ತಲೆ,
ಗೋಡೆ ಎಲ್ಲಿಂದ ಎಲ್ಲಿಗೆಂದು ಕಾಣುವುದಿಲ್ಲ.